ಕಾಳಿನಷ್ಟು ಗುಳ್ಳೆ, ಅದಕ್ಕೊಂದು ಹೆಸರು: ಆಶಾ ಕಾರ್ಯಕರ್ತೆಯರಿಗೊಂದು ಬಹಿರಂಗ ಪತ್ರ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಯ ಆಶಾ ಕಾರ್ಯಕರ್ತೆಯರಿಗೆ,

ಕಣ್ಣಿನ ಸುತ್ತ ಏಳುವ ಸಣ್ಣ ಗುಳ್ಳೆಗಳಲ್ಲಿ ಬಹುಪಾಲು ನಿರುಪದ್ರವಿಯಾದವು. ಅವು ನೋಟವನ್ನು ಕೆಡಿಸುವುದಿಲ್ಲ, ಹೆಚ್ಚಿನವು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಕ್ಯಾನ್ಸರಿನ ಮುನ್ಸೂಚನೆಯೂ ಆಗಿರುವುದಿಲ್ಲ. ಆದರೂ ಎದುರಿಗಿದ್ದವರ ದೃಷ್ಟಿ ಮೊದಲು ಬೀಳುವ ಜಾಗದಲ್ಲೇ ಅವು ಕಾಣಿಸಿಕೊಳ್ಳುವುದರಿಂದ, ಹೆಸರು ಗೊತ್ತಿಲ್ಲದ ಆ ಗುಳ್ಳೆಯ ಸುತ್ತ ಮನೆಯವರ ಅಂಜಿಕೆ, ನೆರೆಯವರ ಸಲಹೆ ಮತ್ತು ಅಂಗಡಿಯ ಮುಲಾಮು ಒಂದರ ಹಿಂದೊಂದು ಬಂದು ಸೇರುತ್ತವೆ. ಗುಳ್ಳೆಯಿಂದ ಆಗದಿದ್ದ ಕೇಡು ಕೊನೆಗೆ ಅದನ್ನು ತೆಗೆಯಲು ಹೊರಟ ಸೂಜಿಯಿಂದ, ಸುಣ್ಣದಿಂದ, ಎಕ್ಕೆಯ ಹಾಲಿನಿಂದ ಆಗುತ್ತದೆ. ಈ ಕೇಡನ್ನು ಹೊಸ್ತಿಲಲ್ಲೇ ತಡೆಯಬಲ್ಲವರು ಆಶಾ ಕಾರ್ಯಕರ್ತೆಯರು ಎಂಬ ನಂಬಿಕೆಯಿಂದ ಈ ಪತ್ರವನ್ನು ಬರೆಯಲಾಗಿದೆ.

ಈ ನಂಬಿಕೆಗೆ ಆಧಾರವಿದೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ರೂಪುಗೊಂಡ ಈ ವ್ಯವಸ್ಥೆಯಲ್ಲಿ, ಆಸ್ಪತ್ರೆಯಲ್ಲಿ ಹುಟ್ಟಿದ ಪ್ರತಿ ಮಗುವನ್ನು 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಗೇ ಹೋಗಿ ನೋಡುವವರು ಆಶಾ ಕಾರ್ಯಕರ್ತೆಯರೇ. 30 ವರ್ಷ ದಾಟಿದವರ ಮನೆಯಲ್ಲಿ ಕುಳಿತು ಬಿ.ಪಿ., ಸಕ್ಕರೆ ಕಾಯಿಲೆಗಳ ಸಾಧ್ಯತೆಯನ್ನು ಅಳೆಯುವ ಪ್ರಶ್ನಾವಳಿಯನ್ನು ತುಂಬುವವರೂ ಅವರೇ. ಕೂಸಿನ ಮುಖವನ್ನೂ ಅಜ್ಜಿಯ ಮುಖವನ್ನೂ ಇಷ್ಟು ಹತ್ತಿರದಿಂದ, ಇಷ್ಟು ಸಲ ನೋಡುವ ಅವಕಾಶ ವೈದ್ಯರಿಗೂ ಇಲ್ಲ. ಆದ್ದರಿಂದ ಒಂದು ಗುಳ್ಳೆಯನ್ನು ಕಂಡಾಗ ಅದು ಬಿಡತಕ್ಕದ್ದೋ, ಕಾಯತಕ್ಕದ್ದೋ, ಆಸ್ಪತ್ರೆಗೆ ಕಳಿಸತಕ್ಕದ್ದೋ ಎಂದು ಬೇರ್ಪಡಿಸುವ ತಿಳಿವಳಿಕೆ ಅವರ ಕೈಯಲ್ಲಿದ್ದರೆ ಅದರ ಪ್ರಯೋಜನ ಇಡೀ ಊರಿಗೆ ಸಲ್ಲುತ್ತದೆ.

ಮೊದಲಿಗೆ ರೆಪ್ಪೆಯ ಚರ್ಮದ ವಿಷಯ. ಮೈಯಲ್ಲೆಲ್ಲ ಅತ್ಯಂತ ತೆಳುವಾದ ಚರ್ಮ ಕಣ್ಣಿನ ರೆಪ್ಪೆಯದು. ಅದರ ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ, ಕೆಳಗೆ ಕೊಬ್ಬಿನ ಪದರ ಇಲ್ಲವೆನ್ನುವಷ್ಟು ಕಡಿಮೆ. ಈ ಪುಟ್ಟ ಜಾಗದಲ್ಲೇ ಬೆವರಿನ ಗ್ರಂಥಿಗಳು, ರೆಪ್ಪೆಗೂದಲಿನ ಬುಡಗಳು, ಕಣ್ಣೀರು ಬೇಗ ಆರದಂತೆ ತೆಳ್ಳನೆಯ ಎಣ್ಣೆಯನ್ನು ಸುರಿಸುವ ಗ್ರಂಥಿಗಳು ಒತ್ತೊತ್ತಾಗಿ ಕೂಡಿವೆ. ಜರ್ಮನಿಯ ವೈದ್ಯ ಹೈನ್ರಿಶ್ ಮೈಬೋಮ್ 1666ರಲ್ಲಿ ವಿವರಿಸಿದ ಕಾರಣ ಈ ಎಣ್ಣೆಗ್ರಂಥಿಗಳು ಅವನ ಹೆಸರನ್ನೇ ಹೊತ್ತಿದ್ದು, ಒಂದೊಂದು ರೆಪ್ಪೆಯಲ್ಲೂ ಇಪ್ಪತ್ತಕ್ಕಿಂತ ಹೆಚ್ಚಿರುತ್ತವೆ. ಇವುಗಳಲ್ಲಿ ಯಾವುದು ಕಟ್ಟಿಕೊಂಡಿತು, ಯಾವುದು ಊದಿಕೊಂಡಿತು ಎಂಬುದನ್ನು ಅವಲಂಬಿಸಿ ಗುಳ್ಳೆಯ ಬಣ್ಣ, ಗಾತ್ರ ಮತ್ತು ಹೆಸರು ಬದಲಾಗುತ್ತವೆ.

ಈ ಹೆಸರುಗಳು ಕಿವಿಗೆ ಪರದೇಶದವೆನಿಸಿದರೂ ಅರ್ಥದಲ್ಲಿ ನೆಲದ ಹತ್ತಿರವೇ ಇವೆ. ಬಿಳಿ ಮುತ್ತಿನಂಥ, ಒಂದರಿಂದ ಎರಡು ಮಿಲಿಮೀಟರ್ ಗಾತ್ರದ, ಮುಟ್ಟಿದರೆ ಗಟ್ಟಿಯೆನಿಸುವ ಗುಳ್ಳೆಗಳನ್ನು ವೈದ್ಯಶಾಸ್ತ್ರ ‘ಮಿಲಿಯಾ’ ಎಂದು ಕರೆಯುತ್ತದೆ. ಲ್ಯಾಟಿನ್ ಭಾಷೆಯಲ್ಲಿ ‘ಮಿಲಿಯಂ’ ಎಂದರೆ ಕಿರುಧಾನ್ಯ, ಕುಷ್ಟಗಿ ಯಲಬುರ್ಗಾ ಕಡೆಯ ಒಣಬೇಸಾಯದ ರೈತರಿಗೆ ಗೊತ್ತಿರುವ ಬರಗಿನ ಶಾಸ್ತ್ರೀಯ ಹೆಸರಿನಲ್ಲೂ ಅದೇ ಪದವಿದೆ. ಗುಳ್ಳೆಯನ್ನು ಕಾಳಿಗೆ ಹೋಲಿಸಿ ಹೆಸರಿಟ್ಟ ಆ ವೈದ್ಯರ ಕಣ್ಣಿಗೂ ‘ನವಣಿ ಕಾಳಿನಷ್ಟು ಗುಳ್ಳಿ’ ಎನ್ನುವ ಈ ಸೀಮೆಯ ಅಜ್ಜಿಯರ ಕಣ್ಣಿಗೂ ದೊಡ್ಡ ಅಂತರವಿಲ್ಲ.

ಮಿಲಿಯಾ ಎಂಬುದು ಮೊಡವೆಯಲ್ಲ. ಮೊಡವೆಯಲ್ಲಿ ಜಿಡ್ಡು, ಕೀವು ಇರುತ್ತವೆ, ಹೊರಬರಲು ಒಂದು ಬಾಯಿಯೂ ಇರುತ್ತದೆ. ಮಿಲಿಯಾದೊಳಗಿರುವುದು ಕೆರಾಟಿನ್, ಅಂದರೆ ಉಗುರು ಮತ್ತು ಕೂದಲು ಯಾವುದರಿಂದ ಆಗಿವೆಯೋ ಅದೇ ವಸ್ತು. ಉದುರಬೇಕಾಗಿದ್ದ ಚರ್ಮದ ಹೊಟ್ಟು ಮೇಲ್ಪದರದಡಿಯ ಪುಟ್ಟ ಚೀಲವೊಂದರಲ್ಲಿ ಸಿಕ್ಕಿಕೊಂಡು ಗಟ್ಟಿಯಾಗಿರುತ್ತದೆ ಮತ್ತು ಆ ಚೀಲಕ್ಕೆ ಬಾಯಿ ಇರುವುದಿಲ್ಲ. ಹೀಗಾಗಿ ಎಷ್ಟು ಹಿಂಡಿದರೂ ಅದು ಹೊರಬರುವುದಿಲ್ಲ, ಸುತ್ತಲಿನ ಚರ್ಮ ಮಾತ್ರ ಗಾಯವಾಗಿ ಕಪ್ಪು ಕಲೆ ಉಳಿಯುತ್ತದೆ.

ನವಜಾತ ಶಿಶುಗಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳ ಮೂಗು, ಕೆನ್ನೆ, ಕಣ್ಣಿನ ಸುತ್ತ ಈ ಬಿಳಿ ಗುಳ್ಳೆಗಳು ಕಾಣಿಸುತ್ತವೆ. ಬಾಯಿಯೊಳಗೆ ಅಂಗುಳಿನ ನಡುವೆ ಕಾಣುವ ಬಿಳಿ ಚುಕ್ಕೆಗಳೂ ಇದೇ ಜಾತಿಯವು; ಅವುಗಳನ್ನು ಎಪ್‌ಸ್ಟೈನ್ ಮುತ್ತುಗಳೆಂದು ಕರೆಯುತ್ತಾರೆ. ಇವೆರಡೂ ಕೆಲವು ವಾರಗಳಲ್ಲಿ ತಾವಾಗಿಯೇ ಮಾಯವಾಗುತ್ತವೆ. ಮೂರನೆಯ ದಿನದ ಭೇಟಿಯಲ್ಲಿ ಬಾಣಂತಿಯಾಗಲಿ ಅತ್ತೆಯಾಗಲಿ ಗುಳ್ಳೆಯನ್ನು ತೋರಿಸಿ ಕೇಳಿದಾಗ, ಇದು ದೃಷ್ಟಿದೋಷವೂ ಅಲ್ಲ, ಬಸುರಿಯ ಊಟದ ತಪ್ಪೂ ಅಲ್ಲ, ನಲವತ್ತೆರಡನೆಯ ದಿನದ ಭೇಟಿಯ ಹೊತ್ತಿಗೆ ಬಹುಮಟ್ಟಿಗೆ ಹೋಗಿರುತ್ತದೆ ಎಂದು ಹೇಳಿದರೆ ಸಾಕು. ಕಡಲೆಹಿಟ್ಟು ಹಚ್ಚಿ ತಿಕ್ಕುವುದು, ಮುಖಕ್ಕೆ ದಪ್ಪಗೆ ಎಣ್ಣೆ ಸವರುವುದು, ಕಣ್ಣಿಗೆ ಕಾಡಿಗೆ ಎಳೆಯುವುದು ಇಲ್ಲಿ ಉಪಕಾರಕ್ಕಿಲ್ಲ. ಕಾಡಿಗೆ ಹಚ್ಚುವ ಬೆರಳಿನಿಂದ ಸೋಂಕು ತಗಲುವುದುಂಟು, ಅಂಗಡಿಯ ಕೆಲವು ಸುರ್ಮಾ ಮತ್ತು ಕಾಡಿಗೆಗಳಲ್ಲಿ ಸೀಸದ ಅಂಶವೂ ಕಂಡುಬಂದಿದೆ. ಬೊಟ್ಟನ್ನು ಕಣ್ಣಿನಿಂದ ದೂರ, ಕೆನ್ನೆಗೋ ಅಂಗಾಲಿಗೋ ಇಟ್ಟರೆ ಮನೆಯವರ ನಂಬಿಕೆಯೂ ಮಗುವಿನ ಕಣ್ಣೂ ಎರಡೂ ಉಳಿಯುತ್ತವೆ.

ದೊಡ್ಡವರಲ್ಲಿ ಮಿಲಿಯಾ ತಿಂಗಳುಗಟ್ಟಲೆ ಉಳಿಯಬಹುದು. ಸುಟ್ಟ ಗಾಯ ಮಾಗಿದ ಜಾಗದಲ್ಲಿ, ಬೊಬ್ಬೆ ಎದ್ದು ಆರಿದ ಜಾಗದಲ್ಲಿ, ಸ್ಟಿರಾಯ್ಡ್ ಇರುವ ಮುಲಾಮನ್ನು ಬಹುಕಾಲ ಹಚ್ಚಿದ ಚರ್ಮದಲ್ಲಿ ಅವು ಹೊಸದಾಗಿ ಏಳುವುದೂ ಉಂಟು. ತೊಂದರೆಯೆನಿಸಿದರೆ ಚರ್ಮರೋಗ ತಜ್ಞರು ಶುದ್ಧೀಕರಿಸಿದ ಸೂಜಿಯ ಮೊನೆಯಿಂದ ಮೇಲ್ಪದರವನ್ನಷ್ಟೇ ಬಿಡಿಸಿ ಒಳಗಿನ ಕಾಳನ್ನು ಹೊರತೆಗೆಯುತ್ತಾರೆ. ಇದು ಕೆಲವೇ ನಿಮಿಷಗಳ ಕೆಲಸ, ಆದರೆ ತರಬೇತಿ ಪಡೆದ ಕೈಯ ಕೆಲಸ.

ಹದಿಹರೆಯ ದಾಟುವ ಹೊತ್ತಿನಲ್ಲಿ, ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚಾಗಿ, ಕೆಳರೆಪ್ಪೆಯ ಮೇಲೆ ಚರ್ಮದ ಬಣ್ಣದ ಇಲ್ಲವೇ ತುಸು ಹಳದಿಯಾದ ಸಣ್ಣ ಉಬ್ಬುಗಳು ಸಾಲಾಗಿ ಏಳುವುದಿದೆ. ಇವು ಸಿರಿಂಗೋಮ. ಗ್ರೀಕ್ ಭಾಷೆಯಲ್ಲಿ ‘ಸಿರಿಂಕ್ಸ್’ ಎಂದರೆ ಕೊಳವೆ. ಬೆವರನ್ನು ಚರ್ಮದ ಮೇಲಕ್ಕೆ ತರುವ ಸೂಕ್ಷ್ಮ ಕೊಳವೆಯ ಜೀವಕೋಶಗಳು ಅಗತ್ಯಕ್ಕಿಂತ ಹೆಚ್ಚು ಬೆಳೆದಾಗ ಈ ಉಬ್ಬುಗಳು ಆಗುತ್ತವೆ, ಒಂದೇ ಮನೆತನದ ಹಲವರಲ್ಲಿ ಕಾಣಿಸುವುದೂ ಉಂಟು. ಇವು ತಾವಾಗಿ ಹೋಗುವುದು ಅಪರೂಪ, ಕೆಡುಕು ಮಾಡುವುದೂ ಅಷ್ಟೇ ಅಪರೂಪ. ವಿದ್ಯುತ್ ಸೂಜಿಯಿಂದ ಅಥವಾ ಲೇಸರಿನಿಂದ ಸುಟ್ಟು ತೆಗೆಯುವ ವಿಧಾನಗಳಿವೆಯಾದರೂ, ಗುಳ್ಳೆಗಳು ಮತ್ತೆ ಬರಬಹುದು ಮತ್ತು ಕಂದು ಮೈಬಣ್ಣದವರಲ್ಲಿ ಸುಟ್ಟ ಜಾಗ ಕಪ್ಪಾಗಿ ಉಳಿಯಬಹುದು ಎಂಬ ಎರಡು ಸಂಗತಿಗಳನ್ನು ಮೊದಲೇ ತಿಳಿದು ನಿರ್ಧರಿಸಬೇಕು. ಹೆಣ್ಣು ನೋಡಲು ಬರುವವರ ದಿನ ಹತ್ತಿರವಾಯಿತೆಂಬ ಆತುರದಲ್ಲಿ ಇಂಥ ನಿರ್ಧಾರ ಆಗಬಾರದು. ಆ ಹುಡುಗಿಗೆ ಈ ಗುಳ್ಳೆ ರೋಗವಲ್ಲ, ಅವಳ ಮೈಗುಣ ಎಂದು ಗಟ್ಟಿಯಾಗಿ ಹೇಳುವವರು ಮೊದಲು ಬೇಕು.

ಬೆವರಿನ ಕೊಳವೆಗೇ ಸಂಬಂಧಿಸಿದ ಇನ್ನೊಂದು ಗುಳ್ಳೆಯನ್ನು ಕೊಪ್ಪಳ ಜಿಲ್ಲೆಯ ಮಹಿಳೆಯರ ದೃಷ್ಟಿಯಿಂದ ವಿಶೇಷವಾಗಿ ತಿಳಿಯಬೇಕು. ಬೆವರಿನ ನಾಳ ಹಿಗ್ಗಿ ಅದರಲ್ಲಿ ತಿಳಿನೀರು ತುಂಬಿಕೊಂಡಾಗ ಕಣ್ಣಿನ ಸುತ್ತ ತುಸು ನೀಲಿಯಾಗಿ ಹೊಳೆಯುವ ಸಣ್ಣ ನೀರ್ಗುಳ್ಳೆಗಳು ಏಳುತ್ತವೆ. ಇವುಗಳಿಗೆ ಹೈಡ್ರೋಸಿಸ್ಟೋಮ ಎಂದು ಹೆಸರು. ನ್ಯೂಯಾರ್ಕಿನ ವೈದ್ಯ ರಾಬಿನ್ಸನ್ 1893ರಲ್ಲಿ ಇದನ್ನು ವಿವರಿಸಿದಾಗ, ಬಿಸಿ ಹಬೆಯ ನಡುವೆ ದುಡಿಯುವ ಹೆಂಗಸರಲ್ಲಿ ಇದು ಹೆಚ್ಚು ಕಾಣುವುದನ್ನೂ ಗುರುತಿಸಿದ್ದನು. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಈ ಸೀಮೆಯಲ್ಲಿ, ಕಟ್ಟಿಗೆಯ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುವ ತಾಯಂದಿರ ಮುಖ ದಿನವೂ ಅದೇ ಬಿಸಿಯನ್ನು ಉಣ್ಣುತ್ತದೆ. ಬೇಸಿಗೆಯಲ್ಲಿ ದೊಡ್ಡದಾಗಿ ಚಳಿಗಾಲದಲ್ಲಿ ಕುಗ್ಗುವುದೇ ಈ ಗುಳ್ಳೆಯ ಗುರುತು. ಅದಕ್ಕೆ ಮೊದಲ ಉಪಚಾರ ಬಿಸಿಯಿಂದ ದೂರ ಸರಿಯುವುದು, ಅಡುಗೆಮನೆಗೆ ಗಾಳಿಯ ದಾರಿ ಮಾಡುವುದು, ಸೆಕೆಯ ಕೆಲಸವನ್ನು ಮನೆಯವರು ಹಂಚಿಕೊಳ್ಳುವುದು.

ಮಧ್ಯವಯಸ್ಸು ದಾಟಿದವರ ಮೇಲ್ರೆಪ್ಪೆಯಲ್ಲಿ, ಮೂಗಿನ ಕಡೆಯ ಮೂಲೆಯಲ್ಲಿ, ಚಪ್ಪಟೆಯಾದ ಹಳದಿ ಪಟ್ಟಿಗಳು ಕಾಣಿಸಿದರೆ ಅವು ಕ್ಸ್ಯಾಂಥೆಲಾಸ್ಮ. ‘ಹಳದಿ’ ಮತ್ತು ‘ಬಡಿದ ತಗಡು’ ಎಂಬ ಎರಡು ಗ್ರೀಕ್ ಪದಗಳು ಕೂಡಿ ಆದ ಈ ಹೆಸರು ಅದರ ರೂಪವನ್ನೇ ಹೇಳುತ್ತದೆ. ಕೊಲೆಸ್ಟರಾಲ್ ಎಂಬ ಕೊಬ್ಬಿನ ಅಂಶ ಚರ್ಮದಡಿ ಸೇರಿಕೊಂಡು ಈ ಪಟ್ಟಿ ಆಗುತ್ತದೆ. ಪಟ್ಟಿಯಿಂದ ಕಣ್ಣಿಗೆ ಅಪಾಯವಿಲ್ಲ, ಆದರೆ ಅದು ರಕ್ತದ ಸ್ಥಿತಿಯನ್ನು ನೋಡಿರೆಂದು ಹೇಳುವ ಸೂಚನೆ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ 12,745 ಜನರನ್ನು ಮೂರು ದಶಕಗಳಿಗೂ ಹೆಚ್ಚು ಕಾಲ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವು, ಇಂಥ ಪಟ್ಟಿಗಳಿದ್ದವರಲ್ಲಿ ಹೃದಯಾಘಾತದ ಸಂಭವ ಹೆಚ್ಚಿರುವುದನ್ನು ತೋರಿಸಿತು. ಪಟ್ಟಿ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರ ಕೊಲೆಸ್ಟರಾಲ್ ಸರಿಯಾಗಿಯೇ ಇರುವುದರಿಂದ ಹೆದರಿಸುವ ಅಗತ್ಯವಿಲ್ಲ; ಬಿ.ಪಿ., ಸಕ್ಕರೆ ಮತ್ತು ಕೊಲೆಸ್ಟರಾಲ್ ತಪಾಸಣೆಗೆ ಕಳಿಸುವುದನ್ನು ಮಾತ್ರ ಮರೆಯಬಾರದು. 30 ದಾಟಿದವರ ಪ್ರಶ್ನಾವಳಿ ತುಂಬುವ ಹೊತ್ತಿನಲ್ಲೇ ರೆಪ್ಪೆಯ ಕಡೆಗೊಮ್ಮೆ ಕಣ್ಣು ಹಾಯಿಸಿದರೆ ಈ ಸೂಚನೆ ಕೈತಪ್ಪುವುದಿಲ್ಲ.

ನೋವಿನೊಂದಿಗೆ ಕೆಂಪಾಗಿ ರೆಪ್ಪೆಯಂಚಿನಲ್ಲಿ ಏಳುವ ಕಣ್ಣಿನ ಕುರು ಬೇರೆಯದು. ರೆಪ್ಪೆಗೂದಲಿನ ಬುಡಕ್ಕೋ ಎಣ್ಣೆಗ್ರಂಥಿಗೋ ಬ್ಯಾಕ್ಟೀರಿಯಾ ತಗಲಿ ಅದು ಬರುತ್ತದೆ. ನೋವಿಲ್ಲದೆ ರೆಪ್ಪೆಯೊಳಗೆ ಗಂಟಿನಂತೆ ಉಳಿಯುವುದು ಕಲೇಜಿಯನ್, ಕಟ್ಟಿಕೊಂಡ ಮೈಬೋಮ್ ಗ್ರಂಥಿ. ಕಲೇಜಿಯನ್ ಎಂಬ ಗ್ರೀಕ್ ಪದಕ್ಕೆ ಸಣ್ಣ ಆಲಿಕಲ್ಲು ಎಂದರ್ಥ. ಎರಡಕ್ಕೂ ಆರಂಭದ ಉಪಚಾರ ಒಂದೇ: ಕುದಿಸಿ, ತಡೆಯಬಲ್ಲಷ್ಟು ಆರಿಸಿದ ನೀರಿನಲ್ಲಿ ಶುಚಿಯಾದ ಬಟ್ಟೆಯನ್ನು ಅದ್ದಿ ಹಿಂಡಿ, ಮುಚ್ಚಿದ ರೆಪ್ಪೆಯ ಮೇಲೆ ಹತ್ತು ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಸಲ ಕಾವು ಕೊಡುವುದು. ಗುಳ್ಳೆಯನ್ನು ಹಿಂಡಬಾರದು, ಒಬ್ಬರ ಬಟ್ಟೆಯನ್ನು ಇನ್ನೊಬ್ಬರು ಬಳಸಬಾರದು. ವಾರದೊಳಗೆ ಇಳಿಮುಖವಾಗದ ಕುರುವನ್ನೂ ತಿಂಗಳು ದಾಟಿದ ಗಂಟನ್ನೂ ವೈದ್ಯರಿಗೆ ತೋರಿಸಬೇಕು.

ಶಾಲೆಗೆ ಹೋಗುವ ಮಕ್ಕಳಲ್ಲಿ, ನಡುವೆ ಸಣ್ಣ ಕುಳಿಯಿರುವ ಮುತ್ತಿನಂಥ ಗುಳ್ಳೆಗಳು ಒಂದರ ಪಕ್ಕ ಒಂದು ಹೆಚ್ಚುತ್ತಿದ್ದರೆ ಅದು ಮೊಲಸ್ಕಂ ಎಂಬ ವೈರಸ್ಸಿನ ಸೋಂಕು. ಇಲ್ಲಿ ಹೇಳುತ್ತಿರುವ ಗುಳ್ಳೆಗಳಲ್ಲಿ ಮುಟ್ಟಿದರೆ ಅಂಟುವುದು ಇದು, ಕೆರೆದಷ್ಟೂ ಹರಡುತ್ತದೆ. ಆದರೂ ಹೆಚ್ಚಿನ ಮಕ್ಕಳಲ್ಲಿ ಒಂದೆರಡು ವರ್ಷದೊಳಗೆ ತಾನಾಗಿ ಹೋಗುತ್ತದೆ. ಟವೆಲ್ ಬೇರೆ ಇಡಬೇಕು, ಉಗುರು ಕತ್ತರಿಸಬೇಕು, ರೆಪ್ಪೆಯಂಚಿನಲ್ಲಿದ್ದು ಕಣ್ಣು ಕೆಂಪಾದರೆ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಇನ್ನು ವಯಸ್ಸಾದಂತೆ ಕೆನ್ನೆ ಮತ್ತು ಕಣ್ಣಿನ ಸುತ್ತ ಮೂಡುವ ಕರಿ ಚುಕ್ಕೆಯಂಥ ಉಬ್ಬುಗಳು ಕಂದು ಮೈಬಣ್ಣದವರಲ್ಲಿ ಸಾಮಾನ್ಯವಾಗಿದ್ದು, ಅವುಗಳಿಗೆ ಚಿಕಿತ್ಸೆಯೇ ಬೇಕಿಲ್ಲ.

ಇಷ್ಟು ಗುಳ್ಳೆಗಳಲ್ಲಿ ಒಂದೂ ಮನೆಯಲ್ಲಿ ಸುಡತಕ್ಕದ್ದಲ್ಲ. ಆದರೆ ನರೂಲಿಗೂ ಮಚ್ಚೆಗೂ ಸುಣ್ಣ ಸೋಡಾ ಕಲಸಿ ಹಚ್ಚುವ ರೂಢಿ ಕೆಲವೊಮ್ಮೆ ರೆಪ್ಪೆಯವರೆಗೂ ಬರುತ್ತದೆ. ಎಲೆ ಅಡಿಕೆಯ ಸುಣ್ಣ ತೀಕ್ಷ್ಣವಾದ ಕ್ಷಾರ. ಆಮ್ಲಕ್ಕಿಂತಲೂ ಆಳಕ್ಕೆ ಇಳಿದು ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು, ಅಂದರೆ ಕಾರ್ನಿಯಾವನ್ನು, ಶಾಶ್ವತವಾಗಿ ಬೆಳ್ಳಗಾಗಿಸಬಲ್ಲದು. ಮಕ್ಕಳು ಸುಣ್ಣದ ಪೊಟ್ಟಣವನ್ನು ಅದುಮಿ ಕಣ್ಣಿಗೆ ಸಿಡಿಸಿಕೊಳ್ಳುವುದೂ ಇದೇ ಬಗೆಯ ಅನಾಹುತ. ಸುಣ್ಣ ಕಣ್ಣಿಗೆ ಬಿದ್ದ ಕ್ಷಣವೇ ರೆಪ್ಪೆಯನ್ನು ಬಿಡಿಸಿ ಹಿಡಿದು, ಕಾಣುವ ಕಣಗಳನ್ನು ಒದ್ದೆ ಬಟ್ಟೆಯಿಂದ ತೆಗೆದು, ಶುದ್ಧ ನೀರನ್ನು ಅರ್ಧ ಗಂಟೆ ಎಡೆಬಿಡದೆ ಸುರಿಯಬೇಕು. ನೀರು ಸುರಿದ ಮೇಲೆ ಆಸ್ಪತ್ರೆ, ಅದಕ್ಕೆ ಮೊದಲಲ್ಲ.

ಎಕ್ಕೆಯ ಹಾಲಿನ ಅಪಾಯ ಇನ್ನೂ ಗುಪ್ತವಾದದ್ದು. ಹೊಲದ ಬದುವಿನಲ್ಲೂ ರಸ್ತೆಯ ಬದಿಯಲ್ಲೂ ಬೆಳೆಯುವ, ಹನುಮಪ್ಪನಿಗೆ ಹಾರವಾಗಿ ಏರುವ ಈ ಗಿಡದ ಹಾಲು ಕಣ್ಣಿಗೆ ಬಿದ್ದರೆ ಬಹಳ ಸಲ ನೋವೇ ಇಲ್ಲದೆ ನೋಟ ಮಬ್ಬಾಗುತ್ತದೆ, ಏಕೆಂದರೆ ಆ ಹಾಲಿಗೆ ಮರಗಟ್ಟಿಸುವ ಗುಣವೂ ಇದ್ದು, ಕಾರ್ನಿಯಾದ ಒಳಪದರದ ಜೀವಕೋಶಗಳನ್ನು ಅದು ಸದ್ದಿಲ್ಲದೆ ಹಾಳು ಮಾಡುತ್ತದೆ. ನೋವಿಲ್ಲವೆಂದು ಮನೆಯಲ್ಲಿ ಉಳಿದವರು ತಡವಾಗಿ ಆಸ್ಪತ್ರೆಗೆ ಬರುತ್ತಾರೆ. ಹಾರ ಕಟ್ಟುವವರು ಕೈ ತೊಳೆಯದೆ ಕಣ್ಣು ಉಜ್ಜಬಾರದು. ಗುಳ್ಳೆಗೆ ಈ ಹಾಲನ್ನು ಎಂದಿಗೂ ಹಚ್ಚಬಾರದು.

ಮೂರನೆಯ ಅಪಾಯ ಮೆಡಿಕಲ್ ಅಂಗಡಿಯ ಟ್ಯೂಬ್. ಮುಖ ಬೆಳ್ಳಗಾಗಲೆಂದು, ಗುಳ್ಳೆ ಹೋಗಲೆಂದು ಕೊಳ್ಳುವ ಹಲವು ಮುಲಾಮುಗಳಲ್ಲಿ ತೀವ್ರವಾದ ಸ್ಟಿರಾಯ್ಡ್ ಇರುತ್ತದೆ. ವಾರದಲ್ಲಿ ಚರ್ಮ ನುಣುಪಾಗಿ ಕಂಡರೂ, ತಿಂಗಳುಗಳಲ್ಲಿ ಅದು ತೆಳುವಾಗುತ್ತದೆ, ಕೆಂಪು ರಕ್ತನಾಳಗಳು ಕಾಣುತ್ತವೆ, ಮಿಲಿಯಾ ಹೆಚ್ಚಬಹುದು. ರೆಪ್ಪೆಯ ಮೂಲಕ ಕಣ್ಣಿಗಿಳಿದ ಔಷಧ ಪೊರೆಯನ್ನೂ, ಕಣ್ಣಿನೊಳಗಿನ ಒತ್ತಡ ಏರಿ ನೋಟದ ನರ ಸೊರಗುವ ಗ್ಲಾಕೋಮವನ್ನೂ ತರಬಲ್ಲದು. ಕೇಂದ್ರ ಸರ್ಕಾರ 2018ರಲ್ಲಿ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಮನೆಭೇಟಿಯಲ್ಲಿ ಕನ್ನಡಿಯ ಬಳಿಯ ಟ್ಯೂಬನ್ನು ನೋಡಿ, ಚೀಟಿ ಯಾರದೆಂದು ಮೆಲ್ಲಗೆ ಕೇಳುವುದು ಉಚಿತ. ಬಹುಕಾಲ ಹಚ್ಚಿದವರು ಥಟ್ಟನೆ ಬಿಟ್ಟರೆ ಮುಖ ಉರಿದು ಕೆಂಪಾಗುವುದರಿಂದ, ಬಿಡುವುದನ್ನೂ ವೈದ್ಯರ ಸಲಹೆಯಲ್ಲೇ ಮಾಡಬೇಕು.

ನಿರುಪದ್ರವಿಗಳ ನಡುವೆ ಉಪದ್ರವಿಯನ್ನು ಗುರುತಿಸುವುದೂ ಅಷ್ಟೇ ಮುಖ್ಯ. ರಕ್ತ ಒಸರುವ, ಹುಣ್ಣಾಗಿ ಮಾಯದ, ತಿಂಗಳಿಂದ ತಿಂಗಳಿಗೆ ಬೆಳೆಯುವ, ರೆಪ್ಪೆಗೂದಲು ಉದುರಿಸುವ, ವಯಸ್ಸಾದವರಲ್ಲಿ ತೆಗೆದ ಜಾಗದಲ್ಲೇ ಮರಳಿ ಬರುವ ಗಂಟು ಯಾವುದೇ ಇರಲಿ, ಅದನ್ನು ತಜ್ಞರು ನೋಡಲೇಬೇಕು. ರೆಪ್ಪೆಯ ಎಣ್ಣೆಗ್ರಂಥಿಯ ಕ್ಯಾನ್ಸರ್ ಮೊದಮೊದಲು ಮಾಮೂಲಿ ಕಲೇಜಿಯನ್ನಿನಂತೆಯೇ ಕಾಣುತ್ತದೆ. ರೆಪ್ಪೆ ಪೂರ್ತಿ ಊದಿ ಜ್ವರ ಬಂದರೆ, ಕಣ್ಣು ಹೊರಳಿಸಿದಾಗ ನೋವಾದರೆ, ನೋಟ ಮಬ್ಬಾದರೆ ಅದೇ ದಿನ ಹೊರಡಬೇಕು. ಕೂಸಿನ ರೆಪ್ಪೆಯ ಮೇಲೆ ಕೆಂಪು ಗಂಟು ಬೆಳೆದು ಕಣ್ಣನ್ನು ಮುಚ್ಚುತ್ತಿದ್ದರೆ ಕಾಯಬಾರದು, ಏಕೆಂದರೆ ಎಳವೆಯಲ್ಲಿ ಬೆಳಕು ಕಾಣದ ಕಣ್ಣು ಮುಂದೆ ನೋಡುವುದನ್ನು ಕಲಿಯುವುದಿಲ್ಲ.

ಹೊರಡಬೇಕಾದ ದಾರಿಯೂ ಮೊದಲಿಗಿಂತ ಹತ್ತಿರವಾಗಿದೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ನಾಲ್ಕು ತಾಲ್ಲೂಕುಗಳ ಕೊಪ್ಪಳ ಜಿಲ್ಲೆ ಆದಾಗ ಇಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇರಲಿಲ್ಲ. ಹುಬ್ಬಳ್ಳಿಯೋ ಬಳ್ಳಾರಿಯೋ ಗತಿಯಾಗಿತ್ತು. 2015ರಲ್ಲಿ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾದ ಮೇಲೆ ಕಣ್ಣು ಮತ್ತು ಚರ್ಮದ ವಿಭಾಗಗಳು ಜಿಲ್ಲಾಕೇಂದ್ರದಲ್ಲೇ ಇವೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾದವರು ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯವಿದ್ದರೆ ಅಲ್ಲಿಂದ ಕೊಪ್ಪಳಕ್ಕೆ ಹೋಗಬಹುದು.

ಮನೆಯಲ್ಲಿ ಪಾಲಿಸಬೇಕಾದದ್ದು ಸ್ವಲ್ಪವೇ. ಮುಖವನ್ನು ದಿನಕ್ಕೆರಡು ಸಲ ತಿಳಿನೀರಿನಿಂದ, ತಿಕ್ಕದೆ ತೊಳೆಯಬೇಕು. ಕಣ್ಣಿನ ಸುತ್ತ ಜಿಡ್ಡಿನ ಕ್ರೀಮು, ದಪ್ಪ ಎಣ್ಣೆ ಬೇಡ. ಬಿಸಿಲಿನ ಕೆಲಸಕ್ಕೆ ಹೋಗುವಾಗ ಸೆರಗೋ ಟವೆಲ್ಲೋ ತಲೆಯ ಮೇಲಿಂದ ಮುಖಕ್ಕೆ ನೆರಳಾಗಲಿ. ಗಂಗಾವತಿಯ ಭತ್ತದ ಒಕ್ಕಣೆಯಲ್ಲೂ ಅಕ್ಕಿ ಗಿರಣಿಗಳಲ್ಲೂ ದೂಳು ಕೂತ ಕೈಯಿಂದ ಕಣ್ಣು ಉಜ್ಜುವುದನ್ನು ಬಿಡಬೇಕು. ಕಾಡಿಗೆಯ ಡಬ್ಬಿಯನ್ನು ಹಂಚಿಕೊಳ್ಳಬಾರದು. ಪಾರ್ಲರಿನಲ್ಲಿಯೂ ರೆಪ್ಪೆಯ ಗುಳ್ಳೆಗೆ ಸೂಜಿ ಚುಚ್ಚಿಸಿಕೊಳ್ಳಬಾರದು.

ಆಶಾ ಕಾರ್ಯಕರ್ತೆಯರ ಹೆಗಲ ಮೇಲಿನ ಹೊರೆ ಈಗಾಗಲೇ ಹೆಚ್ಚಾಗಿದೆ ಎಂಬುದು ತಿಳಿದ ವಿಷಯ. ಆದ್ದರಿಂದ ಈ ಪತ್ರ ಹೊಸದೊಂದು ದಾಖಲೆ ಪುಸ್ತಕವನ್ನಾಗಲಿ ಹೊಸದೊಂದು ಸುತ್ತನ್ನಾಗಲಿ ಬೇಡುವುದಿಲ್ಲ. ಎಂದಿನಂತೆ ಹೋದ ಮನೆಯಲ್ಲಿ, ಎಂದಿನಂತೆ ನೋಡಿದ ಮುಖದಲ್ಲಿ ಗುಳ್ಳೆಯೊಂದು ಕಂಡಾಗ ಅದರ ಹೆಸರನ್ನು ಹೇಳಿ, ಬಾಣಂತಿಯ ಕೈಯಲ್ಲಿನ ಕಡಲೆಹಿಟ್ಟನ್ನೂ ಅಜ್ಜಿಯ ಬೆರಳಿನ ಸುಣ್ಣವನ್ನೂ ಹುಡುಗಿಯ ಟ್ಯೂಬನ್ನೂ ಕೆಳಗಿಡಿಸಿದರೆ ಆ ಭೇಟಿ ಸಾರ್ಥಕ. ಹೆಸರು ತಿಳಿಯದ ಗುಳ್ಳೆಯಾದರೆ ಅದು ತಿಳಿಯದೆಂದು ಹೇಳಿ ಆಸ್ಪತ್ರೆಗೆ ಕಳಿಸುವುದೂ ಅಷ್ಟೇ ದೊಡ್ಡ ಸೇವೆ. ಬರಗಿನ ಕಾಳಿನಷ್ಟು ಗುಳ್ಳೆಗಾಗಿ ಈ ಜಿಲ್ಲೆಯಲ್ಲಿ ಯಾರೂ ಕಣ್ಣು ಕಳೆದುಕೊಳ್ಳದಿರಲಿ.